ಎದೆಯ ಆಪರೇಷನ್

ಇನ್ನೊಬ್ಬರ ಮೈಯ ವಿಷಯ ಬರೆಯುವ ಅಧಿಕಾರ ನನಗಿದೆಯೇ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಸಂಜೆ ಕಾಲೇಜಿನಲ್ಲಿ ಕಲಿತ ನನ್ನ ಕನ್ನಡಕ್ಕೆ ಇದನ್ನು ನಾಜೂಕಾಗಿ ಹೇಳುವ ಶಕ್ತಿಯಿದೆಯೋ ಇಲ್ಲವೋ, ಅದೂ ಅನುಮಾನವೇ. ತಪ್ಪಿದ್ದರೆ ಮನ್ನಿಸಬೇಕು.

ಕಣ್ಣಿಗೆ ಮೊದಲು ಬರುವುದು ಬೇಕರಿಯ ಒಲೆಯ ಮುಂದೆ ಬೆವರಿನಲ್ಲಿ ತೊಯ್ದ ಒಂದು ದಪ್ಪ ಅಂಗಿ. ಆ ಧಗೆಯಲ್ಲಿ ಕೆಲಸದವರು ನಾವೆಲ್ಲ ಬನಿಯನ್ನಿನಲ್ಲಿದ್ದರೆ ನನ್ನ ಗೆಳೆಯ ತೋಂಟೇಶ ಮಾತ್ರ ಕತ್ತಿನ ಗುಂಡಿಯನ್ನೂ ಬಿಚ್ಚುತ್ತಿರಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಅವನ ಎದೆ ಹೆಂಗಸರ ಎದೆಯಂತೆ ಬೆಳೆದು ಹಾಗೆಯೇ ಉಳಿದುಬಿಟ್ಟಿತ್ತು. "ಏನಮ್ಮಾ ತೋಂಟಮ್ಮ, ಸೆರಗು ಸರಿಮಾಡ್ಕೋ" ಎಂದು ಹಿಟ್ಟು ನಾದುವ ರೇವಣ್ಣ ದಿನಾ ಅನ್ನುತ್ತಿದ್ದ. ತೋಂಟೇಶ ನಕ್ಕು ಬ್ರೆಡ್ಡಿನ ತಟ್ಟೆಯನ್ನು ಒಳಗೆ ತಳ್ಳುತ್ತಿದ್ದ.

ಗಂಗಾಂಬಿಕೆಯ ಜೊತೆ ಮದುವೆ ಗೊತ್ತಾದಾಗ ಆ ನಗು ನಿಂತಿತು.

"ಅರಿಶಿನ ಹಚ್ಚೋವಾಗ ಅಂಗಿ ತೆಗೀಬೇಕು ಕಣೋ. ಹೆಂಗಸರೆಲ್ಲ ಸುತ್ತ ನಿಂತಿರ್ತಾರೆ" ಎಂದ.

ಅವನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಪರೀಕ್ಷೆಗಳಾದ ಮೇಲೆ ಡಾಕ್ಟರಮ್ಮ, "ಇದು ಬಹಳ ಗಂಡಸರಿಗೆ ಆಗತ್ತಪ್ಪ. ಒಳಗಿನ ಗ್ರಂಥಿ ಬೆಳೆದಿದೆ ಅಷ್ಟೆ. ತೊಟ್ಟಿನ ಅಂಚಿನಲ್ಲಿ ಸಣ್ಣಗೆ ಕೊಯ್ದು ತೆಗೀತೀವಿ" ಎಂದರು.

ಆಪರೇಷನ್ ಸಲೀಸಾಗಿ ಮುಗಿಯಿತು. ಎಡವಟ್ಟಾದದ್ದು ಬೇರೆ ಕಡೆ. ಮೊಲೆ ಎಂಬ ಮಾತು ಬಾಯಿಗೆ ಬಾರದೆ ತೋಂಟೇಶ ಮನೆಯಲ್ಲಿ "ಎದೆ ಆಪರೇಷನ್" ಎಂದಷ್ಟೇ ಹೇಳಿ ಬಂದಿದ್ದ. ಅವನ ತಾಯಿ ಅದನ್ನು ಹೃದಯ ಎಂದುಕೊಂಡು ಬೀದಿಯಲ್ಲೆಲ್ಲ ಅತ್ತರು. ಸುದ್ದಿ ಹೆಣ್ಣಿನ ಮನೆಗೂ ಮುಟ್ಟಿತು.

ಪಟ್ಟಿ ಬಿಚ್ಚುವ ಮೊದಲೇ ಗಂಗಾಂಬಿಕೆಯ ತಂದೆ ಪಂಚಾಕ್ಷರಯ್ಯ ಮಗಳೊಂದಿಗೆ ವಾರ್ಡಿಗೆ ಬಂದರು. ಆಕೆಯ ಕೈಯಲ್ಲಿ ಸ್ಟೀಲ್ ಡಬ್ಬಿಯಿತ್ತು.

"ನಿನ್ನ ಮೇಲೆ ಕೋಪ ಇಲ್ಲಪ್ಪ" ಎಂದರು ಅವರು. "ಆದ್ರೆ ಹೃದಯದ ಕಾಯಿಲೆ ಮುಚ್ಚಿಟ್ಟು ಹೆಣ್ಣು ಕೇಳಬಾರದಿತ್ತು. ಈ ಸಂಬಂಧ ಇಲ್ಲಿಗೇ ಬಿಡೋಣ."

ನಾನು ಗಾಬರಿಯಿಂದ ಅವನ ಕಿವಿಯಲ್ಲಿ, "ಕೊಬ್ಬಿನ ಗಡ್ಡೆ ಅಂತ ಹೇಳ್ಬಿಡೋ, ಮುಗೀತು" ಎಂದೆ. ಅವನು ನನ್ನನ್ನು ಮೆಲ್ಲನೆ ಸರಿಸಿ ಎದ್ದು ಕುಳಿತ. ಮೈಮೇಲೆ ಅಂಗಿ ಇರಲಿಲ್ಲ. ಹೊದಿಕೆಯನ್ನೂ ಎಳೆದುಕೊಳ್ಳಲಿಲ್ಲ.

"ಮಾವ, ನನ್ನ ಹೃದಯ ಗಟ್ಟಿಯಾಗಿದೆ. ನನಗೆ ಹೆಂಗಸರ ಹಾಗೆ ಮೊಲೆ ಬೆಳೆದಿತ್ತು, ತೆಗೆಸಿದೆ. ಹೇಳೋಕೆ ನಾಚಿಕೆಯಾಗಿತ್ತು. ಇದನ್ನ ಕೇಳಿದ ಮೇಲೂ ಬೇಡ ಅನ್ನಿಸಿದ್ರೆ ಬೇಡ ಅನ್ನಿ. ಇಲ್ಲದ ಕಾಯಿಲೆಗೆ ಅನ್ನಬೇಡಿ."

ಪಕ್ಕದ ಹಾಸಿಗೆಯ ಮುದುಕ ಕೆಮ್ಮುವುದನ್ನು ನಿಲ್ಲಿಸಿ ಇತ್ತ ತಿರುಗಿದ. ವಾರ್ಡಿನ ತುಂಬ ಜನ. ಅಷ್ಟು ಜನರ ಮುಂದೆ ಅಂಥ ಮಾತು ನನ್ನ ಬಾಯಿಂದ ಈ ಜನ್ಮದಲ್ಲಿ ಬರುತ್ತಿರಲಿಲ್ಲ. ನಾನು ನನ್ನ ಕಾಲಬೆರಳು ನೋಡುತ್ತ ನಿಂತಿದ್ದೆ; ಅವನು ಪಂಚಾಕ್ಷರಯ್ಯನವರ ಮುಖ ನೋಡುತ್ತಿದ್ದ.

ಗಂಗಾಂಬಿಕೆ ಡಬ್ಬಿಯತ್ತ ನೋಡಿದಳು. "ಅಯ್ಯೋ! ಹೃದಯದವರಿಗೆ ಉಪ್ಪು ಆಗಲ್ಲ ಅಂತ ಸಪ್ಪೆ ಉಪ್ಪಿಟ್ಟು ಮಾಡಿ ತಂದೆನಲ್ಲ!"

ಹೊಲಿಗೆ ಎಳೆದೀತೆಂದು ಪಟ್ಟಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ತೋಂಟೇಶ ನಕ್ಕ. "ಕೊಡಿ, ಸಪ್ಪೆಯಾದ್ರೂ ತಿಂತೀನಿ."

ಪಂಚಾಕ್ಷರಯ್ಯ ನಗಲಿಲ್ಲ. "ನಡಿಯಮ್ಮ" ಎಂದಷ್ಟೇ ಅಂದು ಹೊರಟರು.

ಮದುವೆ ಮೊದಲು ಗೊತ್ತುಮಾಡಿದ್ದ ದಿನಕ್ಕೇ ನಡೆಯಿತು. ಆದರೆ ಅದನ್ನು ಉಳಿಸಿದ್ದು ಏನೆಂದು ನಾನು ಹೇಳಲಾರೆ. ಅಂದು ಕಿಟಕಿಯಿಂದ ಕಂಡದ್ದಿಷ್ಟು: ಗೇಟಿನ ಆಚೆ, ಸುಡುವ ಬಿಸಿಲಿನಲ್ಲಿ, ತಂದೆ ಕೈಬೀಸಿ ಏನೇನೋ ಹೇಳುತ್ತಿದ್ದರು. ಮಗಳು ತಲೆಯೆತ್ತಿ ಒಂದೇ ಒಂದು ಮಾತು ಆಡಿದಳು. ಅವರು ಬೀಸುತ್ತಿದ್ದ ಕೈ ಇಳಿಸಿದರು. ಆಮೇಲೆ ಕೊಡೆ ಬಿಚ್ಚಿ ಅವಳ ಕಡೆಗೆ ವಾಲಿಸಿ ಹಿಡಿದು ನಡೆದರು. ಆ ಮಾತು ಯಾವುದೆಂದು ತೋಂಟೇಶನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.