ನಡುಮನೆಯ ಗುಮ್ಮಟ

ಹತ್ತಿರದವರೆಲ್ಲ ಅವಳನ್ನು ಯಾಕಮ್ಮ ಎಂದೇ ಕರೆಯುತ್ತಿದ್ದರು. ಮಾತು ಕಲಿತಂದಿನಿಂದ ಎದುರು ಸಿಕ್ಕವರನ್ನೆಲ್ಲ ‘ಯಾಕೆ, ಯಾಕೆ’ ಎಂದು ಜೀವ ತಿಂದವಳು ಅವಳು. ಓದಿ ಆರ್ಕಿಟೆಕ್ಟ್ ಆದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ. ಮಲಗುವ ಕೋಣೆಗೆ ಕಿಟಕಿ ಬೇಡವೆಂದವರನ್ನೂ ಬಿಡುತ್ತಿರಲಿಲ್ಲ, ಎರಡು ಬೇಕೆಂದವರನ್ನೂ ಬಿಡುತ್ತಿರಲಿಲ್ಲ.

ಅಂಥವಳಿಗೆ ಒಂದು ವಿಚಿತ್ರವಾದ ಕೆಲಸ ಬಂತು. ಊರಿನ ಒಂದು ಟ್ರಸ್ಟಿನವರು ಒಂದೇ ಸೂರಿನಡಿ ಮಸೀದಿ, ಚರ್ಚು, ಯಹೂದಿಗಳ ಪ್ರಾರ್ಥನಾಲಯ, ಮೂರನ್ನೂ ಕಟ್ಟಿಸಲು ಹೊರಟಿದ್ದರು. ಪ್ರಾರ್ಥನೆಗೆ ಮೂರು ಬೇರೆ ಬೇರೆ ಕೋಣೆ, ನಡುವೆ ಎಲ್ಲರಿಗೂ ಸೇರಿದ ಒಂದು ನಡುಮನೆ. ಇವಳು ಆ ಮೂರರಲ್ಲಿ ಯಾವುದಕ್ಕೂ ಸೇರಿದವಳಲ್ಲ. ಮೂರು ಕಡೆಯವರೂ ಇವಳನ್ನು ಒಪ್ಪಿದ್ದು ಬಹುಶಃ ಆ ಕಾರಣಕ್ಕೇ.

ಅವಳು ಮೊದಲು ಮಾಡಿದ್ದು ಮೂರು ಕಡೆಗೂ ಹೋಗಿ ಹಿಂದೆ ಒಂದು ಮೂಲೆಯಲ್ಲಿ ಕುಳಿತು ನೋಡಿದ್ದು. ಮಸೀದಿಯಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಲ್ಲುತ್ತಿದ್ದರು. ಮುಂದಿನ ಸಾಲು ಎಷ್ಟು ಉದ್ದವಾದರೂ ಅವರಿಗೆ ಸಾಲದು. ಅಂದರೆ ಕೋಣೆ ಅಗಲವಾಗಿರಬೇಕು. ಚರ್ಚಿನಲ್ಲಿ ಬಾಗಿಲಿನಿಂದ ಬಲಿಪೀಠದವರೆಗೆ ನಡೆದು ಹೋಗುವುದೇ ಒಂದು ಪ್ರಾರ್ಥನೆಯಂತಿತ್ತು. ಅವರಿಗೆ ಬೇಕಾದದ್ದು ಉದ್ದ. ಯಹೂದಿಗಳು ಕೋಣೆಯ ಮಧ್ಯೆ ಮೇಜಿಟ್ಟು, ಅದರ ಮೇಲೆ ಗ್ರಂಥದ ಸುರುಳಿ ಬಿಚ್ಚಿ, ಸುತ್ತಲೂ ಸೇರಿ ಓದುತ್ತಿದ್ದರು. ಅವರಿಗೆ ಸುತ್ತ ಜಾಗ ಬೇಕು. ಅದರ ಜೊತೆಗೆ ಒಬ್ಬರು ಮೆಕ್ಕಾದ ಕಡೆ, ಒಬ್ಬರು ಜೆರುಸಲೇಮಿನ ಕಡೆ, ಒಬ್ಬರು ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸುವವರು. ಮನೆಗೆ ಬಂದು ಕಾಗದದ ಮೇಲೆ ಮೂರು ಕೋಣೆಗಳನ್ನು ಇಟ್ಟು ನೋಡಿದರೆ ಒಂದೊಂದು ಒಂದೊಂದು ಕಡೆ ಮುಖ ತಿರುಗಿಸಿಕೊಂಡು ಕೂತ ನೆಂಟರ ಹಾಗಿದ್ದವು. ಅವಳಿಗೆ ಖುಷಿಯೋ ಖುಷಿ. ಇಂಥ ಗಂಟು ಬಿಡಿಸುವುದೆಂದರೆ ಊಟವೂ ನೆನಪಾಗುವುದಿಲ್ಲ.

ಕೋಣೆಗಳು ಹೇಗೋ ಹೊಂದಿಕೊಂಡವು. ಹೊಂದದೆ ಉಳಿದದ್ದು ನಡುಮನೆ. ಪಾದ್ರಿ ಮಾತಿನ ಮಲ್ಲ. ಗೋಡೆಗೆ ಒಂದು ಚಿತ್ರ ಬರೆಸೋಣ ಎಂದರು. ಇಮಾಮರು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವರು, ಅಳೆದು ತೂಗಿ ಮಾತಾಡುವವರು, ಚಿತ್ರ ಬೇಡವೆಂದರು. ಸಂಗೀತ? ಅದೂ ಬೇಡ. ಯಹೂದಿಗಳ ಗುರು, ಮಂಡಿನೋವಿನ ಮುದುಕ ರಬ್ಬಿ, ಕೋಲಿನ ಮೇಲೆ ಗದ್ದವೂರಿಕೊಂಡು ಕೇಳಿದರು, “ಅಲ್ಲ, ಆ ಜಾಗದಲ್ಲಿ ನಾವು ಏನು ಮಾಡ್ಬೇಕು ಅಂತ?” ಕೊನೆಗೆ ಅವಳು ಅಲ್ಲಿ ಏನನ್ನೂ ಇಡದೆ, ಮೇಲೆ ಒಂದು ಎತ್ತರದ ಗುಮ್ಮಟ ಬರೆದಳು. ನೆತ್ತಿಯಲ್ಲಿ ಬೆಳಕಿಂಡಿ, ಕೆಳಗೆ ಬಿಳಿಯ ದುಂಡು ನೆಲ. ಟ್ರಸ್ಟಿನ ಅಧ್ಯಕ್ಷೆ ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳಿಗೂ ಅದು ಹೆತ್ತ ಮಗುವಿನಷ್ಟು ಮುದ್ದಾಗಿತ್ತು.

ಆದರೂ ಜನ ಅಲ್ಲಿ ನಿಲ್ಲುತ್ತಾರೋ ಇಲ್ಲವೋ ಎಂದು ಒಳಗೊಳಗೇ ಒಂದು ಅನುಮಾನ ಕೊರೆಯುತ್ತಿತ್ತು. ಅದನ್ನು ಚಿಕ್ಕಪ್ಪನ ಮುಂದೆ ಹೇಳಿದಳು. ಚಿಕ್ಕಪ್ಪ ನಾಟಕಗಳಿಗೆ ರಂಗಸಜ್ಜಿಕೆ ಕಟ್ಟುವವನು. ಒಂದು ಹಗಲಿನಲ್ಲಿ ಅರಮನೆ ಎಬ್ಬಿಸಿ ಮರುದಿನ ಅದನ್ನೇ ಸೆರೆಮನೆ ಮಾಡಬಲ್ಲವನು.

“ಕಾಗದ ನೋಡಿ ತಲೆ ಯಾಕೆ ಕೆಡಿಸ್ಕೋತೀಯ? ಬಟ್ಟೆಯಲ್ಲಿ ಕಟ್ಟೇ ಬಿಡೋಣ. ಒಳಗೆ ಓಡಾಡಿ ನೋಡ್ಲಿ ಅವರು,” ಎಂದ.

ಬಾಡಿಗೆಗೆ ಸಿಕ್ಕ ಒಂದು ಖಾಲಿ ಗೋದಾಮಿನಲ್ಲಿ ಚಿಕ್ಕಪ್ಪ ಮರದ ಚೌಕಟ್ಟು ನಿಲ್ಲಿಸಿ, ಹಳೆಯ ಪರದೆಗಳನ್ನು ಬಿಗಿದು, ಇಡೀ ಕಟ್ಟಡವನ್ನು ನಿಜವಾದ ಅಳತೆಯಲ್ಲೇ ಎಬ್ಬಿಸಿದ. ಗುಮ್ಮಟಕ್ಕೆ ಬಿಳಿ ಬಟ್ಟೆಯನ್ನು ಹಗ್ಗದಿಂದ ಮೇಲಕ್ಕೆಳೆದು ಕಟ್ಟಿದ. ಚರ್ಚಿನ ಗೋಡೆಯಲ್ಲಿ ಯಾವುದೋ ನಾಟಕದ ಕಾಡು ಕಾಣುತ್ತಿತ್ತು. ಆಮೇಲೆ ಬಂದು ನೋಡಿದ ಪಾದ್ರಿಗೆ ಅದೇ ಇಷ್ಟವಾಯಿತು.

ಮೂವರೂ ಬಂದರು. ಬಾಗಿಲಲ್ಲೇ ಮೊದಲ ತೊಡಕು. ನಿಜವಾದ ಕಟ್ಟಡದಲ್ಲಿ ಮುಂಬಾಗಿಲು ಗಾಜಿನದು, ಯಾರಾದರೂ ಹತ್ತಿರ ಬಂದರೆ ತಾನಾಗಿ ಸರಿಯುತ್ತದೆ ಎಂದು ಅವಳು ಹೆಮ್ಮೆಯಿಂದ ಹೇಳುತ್ತಿದ್ದಂತೆ ರಬ್ಬಿ ನಿಂತುಬಿಟ್ಟರು.

“ಹಾಗಾದ್ರೆ ಶನಿವಾರ ನಾವು ಬೀದೀಲಿ,” ಎಂದರು.

“ಯಾಕೆ ರಬ್ಬಿಗಳೇ?”

“ಶುಕ್ರವಾರ ಹೊತ್ತು ಮುಳುಗಿದ್ರೆ ಶನಿವಾರ ಕತ್ತಲಾಗೋವರೆಗೆ ನಾವು ಕರೆಂಟಿನ ತಂಟೆಗೆ ಹೋಗೋ ಹಾಗಿಲ್ಲ ಮಗಳೇ. ನಾನು ಬಂದೆ ಅಂತ ಬಾಗಿಲು ಸರಿದ್ರೆ ಸರಿಸಿದವನು ನಾನೇ ಆದೆ.”

ಇಮಾಮರು ಸ್ವಲ್ಪ ಯೋಚಿಸಿ, “ನಾವು ಯಾರಾದ್ರೂ ಬಂದು ನಿಮಗೋಸ್ಕರ ತೆರೆದ್ರೆ?” ಎಂದರು.

“ನನಗೋಸ್ಕರ ತೆರೀಬಾರದು. ನಿಮಗೋಸ್ಕರ ತೆರೀರಿ. ನಾನು ಹಿಂದೆಯೇ ನುಗ್ತೀನಿ.”

ಇಮಾಮರು ಬಿದ್ದು ಬಿದ್ದು ನಕ್ಕರು. ಅವರು ಹಾಗೆ ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. ಕೈಯಿಂದ ತಳ್ಳುವ ಮರದ ಬಾಗಿಲೇ ಆಗಲಿ ಎಂದು ಅಲ್ಲೇ ತೀರ್ಮಾನವಾಯಿತು.

“ನೀವು ನೋಡ್ಕೊಂಡು ಬನ್ನಿ, ನಾನು ನಡುಮನೇಲಿ ಇರ್ತೀನಿ,” ಎಂದು ಅವಳು ಗುಮ್ಮಟದ ಕೆಳಗೆ ಹೋಗಿ ನಿಂತಳು. ಅವರು ಒಬ್ಬೊಬ್ಬರಾಗಿ ಅಲ್ಲಿಗೆ ಬರುವುದನ್ನು, ತಲೆಯೆತ್ತಿ ನೋಡುವುದನ್ನು, ಬೆರಗಾಗಿ ನಿಲ್ಲುವುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ. ನಿಂತಳು, ನಿಂತಳು, ಕಾಲು ಸೋತವು. ಒಬ್ಬರೂ ಬರಲಿಲ್ಲ. ಬಟ್ಟೆಯ ಗೋಡೆಯಾಚೆ ಎಲ್ಲಿಂದಲೋ ಮಾತು, ನಗು ಕೇಳುತ್ತಿತ್ತು.

ಹುಡುಕಿಕೊಂಡು ಹೋದರೆ ಮೂವರೂ ಕೈಕಾಲು ತೊಳೆಯುವ ಕೋಣೆಯ ಮುಂದಿನ ಓಣಿಯಲ್ಲಿದ್ದರು. ಚಪ್ಪಲಿ ಬಿಡಲೆಂದು ಅವಳು ಬೇಕೋ ಬೇಡವೋ ಎಂಬಂತೆ ಬಿಟ್ಟ ಇಕ್ಕಟ್ಟಿನ ಜಾಗ ಅದು. ಕಾಲು ತೊಳೆಯಲು ಹೇಗೆ ಕೂರುತ್ತಾರೆಂದು ತೋರಿಸಲು ಇಮಾಮರು ಅಲ್ಲಿದ್ದ ಹಲಗೆಯ ಮೇಲೆ ಕೂತಿದ್ದರಂತೆ. ಮಂಡಿ ನೋವೆಂದು ರಬ್ಬಿ ಪಕ್ಕದಲ್ಲಿ ಕೂತರು. ಒಬ್ಬನೇ ನಿಲ್ಲುವುದು ಯಾಕೆಂದು ಪಾದ್ರಿಯೂ ತೂರಿಕೊಂಡರು.

“ರೊಟ್ಟಿ ಮುರಿಯೋ ಮುಂಚೆ ನೀವೂ ಕೈ ತೊಳೀತೀರಾ? ಪ್ರಾರ್ಥನೆ ಹೇಳ್ಕೊಂಡು?” ಎಂದು ಇಮಾಮರು ಕೇಳುತ್ತಿದ್ದರು.

“ಚೊಂಬಿನಿಂದ. ಬಲಗೈ ಮೊದಲು,” ಎಂದರು ರಬ್ಬಿ.

“ನಾವು ವರ್ಷಕ್ಕೊಂದು ದಿನ ಸಭೆಯವರ ಕಾಲು ತೊಳೀತೀವಿ,” ಎಂದರು ಪಾದ್ರಿ. “ಮುನ್ನಾದಿನ ಎಲ್ಲರೂ ಮನೇಲಿ ಚೆನ್ನಾಗಿ ತೊಳ್ಕೊಂಡು ಬಂದಿರ್ತಾರೆ, ಪಾದ್ರಿ ಮುಂದೆ ಮರ್ಯಾದೆ ಹೋಗ್ಬಾರದು ಅಂತ!”

ಹಗ್ಗ ಬಿಗಿಯುತ್ತಿದ್ದ ಚಿಕ್ಕಪ್ಪ ಏಣಿಯ ಮೇಲಿಂದ ಬಗ್ಗಿ, “ನಿನ್ನ ಗುಮ್ಮಟಕ್ಕೆ ಬಾವಲಿಗಳನ್ನೇ ಕರೀಬೇಕು ಕಣೇ,” ಎಂದ.

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಏನೋ ಆಕಸ್ಮಿಕ ಎಂದುಕೊಂಡು, ಮುಂದಿನ ದಿನಗಳಲ್ಲಿ ಮೂರು ಸಭೆಗಳ ಜನರನ್ನೂ ಕರೆಸಿ ಓಡಾಡಿಸಿದಳು. ಜನ ನಡುಮನೆಗೆ ಬಂದರು, ಮೇಲೆ ನೋಡಿದರು, ‘ಚೆನ್ನಾಗಿದೆ’ ಎಂದು ಪಿಸುಗುಟ್ಟಿದರು, ಗೋಡೆ ಹಿಡಿದುಕೊಂಡು ಆಚೆ ದಾಟಿದರು. ಓಣಿಯಲ್ಲಿ ಮಾತ್ರ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಹೋದ ಮೇಲೆ ಅವಳೊಬ್ಬಳೇ ಗುಮ್ಮಟದ ಕೆಳಗೆ ಹೋಗಿ ಕೂತಳು. ಮಾತು ಮರೆತ ನಟಿ ರಂಗದ ಮಧ್ಯೆ ಸಿಕ್ಕಿಕೊಂಡ ಹಾಗಾಯಿತು. ಯಾಕೆ ಹೀಗೆ? ಇಲ್ಲಿ ಕೈಗೆ ಕೆಲಸವಿಲ್ಲ. ಚಪ್ಪಲಿಯ ಪಟ್ಟಿ ಬಿಚ್ಚುವವನಿಗೆ ಪಕ್ಕದವನ ಜೊತೆ ಮಾತಾಡಲು ನೆಪ ಬೇಕಾಗಿಲ್ಲ. ಬರಿದಾದ ಬಿಳಿ ನೆಲದ ಮೇಲೆ ನಿಂತವನು ಏನಾದರೂ ದೊಡ್ಡ ಮಾತನ್ನೇ ಆಡಬೇಕು.

ಮನೆಗೆ ಹೋಗಿ ನಕ್ಷೆಯಿಂದ ಗುಮ್ಮಟ ಅಳಿಸಿದಳು. ನಡುಮನೆಯನ್ನು ಮುರಿದು ಓಣಿಗೆ ಸೇರಿಸಿದಳು.

ಸುಲಭಕ್ಕೆ ಮುಗಿಯಲಿಲ್ಲ. ಉತ್ಸಾಹದಲ್ಲಿ ಅವಳು ನೀರಿನ ತೊಟ್ಟಿಯನ್ನೂ ಬಯಲಿಗೆ ತಂದಿದ್ದಳು. ಇಮಾಮರು ನಕ್ಷೆ ನೋಡಿ ತಲೆಯಾಡಿಸಿದರು. “ತಂಗಿ, ನಾವು ತೊಳ್ಕೊಳ್ಳೋದು ಯಾರಿಗೂ ತೋರಿಸೋದಕ್ಕಲ್ಲ. ಹೆಂಗಸರಿಗೂ ಮರೆ ಬೇಕು.” ಅದು ಅವಳಿಗೆ ಹೊಳೆದೇ ಇರಲಿಲ್ಲ, ನಾಚಿಕೆಯಾಯಿತು. ತೊಳೆಯುವ ಕೋಣೆಗಳು ಗಂಡಸರಿಗೊಂದು ಹೆಂಗಸರಿಗೊಂದು ಮತ್ತೆ ಗೋಡೆಯೊಳಗೆ ಹೋದವು. ಹೊರಗೆ ಉಳಿದದ್ದು ಒಂದು ಉದ್ದನೆಯ ಮರದ ಬೆಂಚು, ಎದುರಿಗೆ ಸಾಲು ಕಿಟಕಿ.

“ನಮ್ಮವರು ಚಪ್ಪಲಿ ಬಿಡೋದೇ ಇಲ್ವಲ್ಲ,” ಎಂದರು ಪಾದ್ರಿ.

“ಕೂರೋದಕ್ಕೆ ಚಪ್ಪಲಿ ಬಿಡ್ಲೇಬೇಕಾ ಫಾದರ್?” ಎಂದರು ಇಮಾಮರು.

ಅಧ್ಯಕ್ಷೆ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. “ಬಂದವರಿಗೆ ನಾನು ಏನು ತೋರಿಸ್ಲಿ? ಬೆಂಚಾ?”

“ತೋರಿಸ್ಬೇಡಿ, ಕೂರಿಸಿ,” ಎಂದರು ರಬ್ಬಿ.

ಕಟ್ಟಡ ಎದ್ದಿತು. ಊರೇನೂ ತಲೆಕೆಳಗಾಗಲಿಲ್ಲ. ಅವರವರ ಕೋಣೆಯಲ್ಲಿ ಅವರವರ ಪ್ರಾರ್ಥನೆ. ಕೆಲವರು ಬೆಂಚಿನ ಕಡೆ ತಿರುಗಿಯೂ ನೋಡದೆ ಸರಸರನೆ ಹೋಗುತ್ತಿದ್ದರು. ಒಬ್ಬ ಅಜ್ಜಿಯಂತೂ ತನ್ನ ಸಭೆಯವರು ಕೂತಿದ್ದರಷ್ಟೇ ಕೂರುತ್ತಿದ್ದಳು. ಗುಮ್ಮಟದ ಆಸೆ ಯಾಕಮ್ಮನಿಗೂ ಪೂರ್ತಿ ಸತ್ತಿರಲಿಲ್ಲ.

ಒಂದು ಶುಕ್ರವಾರ ಇಳಿಹೊತ್ತು ಅವಳು ಸುಮ್ಮನೆ ನೋಡಲು ಹೋದಳು. ನಮಾಜು ಮುಗಿಸಿದ ಒಬ್ಬ ದರ್ಜಿ ಇನ್ನೂ ಬೆಂಚಿನಲ್ಲೇ ಇದ್ದ. ಸಂಜೆಯ ಪ್ರಾರ್ಥನೆಗೆ ಮೊದಲೇ ಬಂದ ಯಹೂದಿ ಔಷಧಿ ಅಂಗಡಿಯವನು ಪಕ್ಕದಲ್ಲಿ ಕೂತು, ಗಾಳಿ ಕಿವಿಗೆ ಹೊಡೆಯುತ್ತದೆ, ಕಿಟಕಿ ಮುಚ್ಚಬೇಕು ಎನ್ನುತ್ತಿದ್ದ. ಮುಚ್ಚಿದರೆ ಸೆಕೆಗೆ ಬೆಂದುಹೋಗುತ್ತೇವೆ ಎಂದು ದರ್ಜಿ. ಇಬ್ಬರ ದನಿಯೂ ಏರಿತ್ತು. ಚರ್ಚಿನ ಹೂವು ಜೋಡಿಸುವವಳು ಬುಟ್ಟಿ ಹಿಡಿದು ಹೋಗುತ್ತಿದ್ದವಳು ನಿಂತು, “ಅರ್ಧ ಮುಚ್ಚಿ, ಅದಕ್ಕೇನು ಇಷ್ಟು ಜಗಳ?” ಎಂದು ತಾನೂ ಕೂತಳು. ಅರ್ಧ ಮುಚ್ಚುವುದು ಇಬ್ಬರಿಗೂ ಒಪ್ಪಿಗೆಯಿರಲಿಲ್ಲ. ಈಗ ಮೂರು ಜನರ ಜಗಳವಾಯಿತು.

ಯಾಕಮ್ಮ ಮೆಲ್ಲಗೆ ಬೆಂಚಿನ ತುದಿಯಲ್ಲಿ ಕೂತು ಕಿವಿಗೊಟ್ಟಳು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಲು ಬೆರಳು ಎತ್ತಿ ಹಿಡಿದಳು.