ಅಪ್ಪನ ಬೆನ್ನು

ಅಪ್ಪ ತಿರುಗಲಿಲ್ಲ.

ಗೋಡೆಯಗಲದ ತೆರೆಯ ಮೇಲೆ, ಅರ್ಧ ತೆರೆದ ಬಾಗಿಲ ಬಳಿ, ಚೀಲ ಹಿಡಿದ ಬೆನ್ನು ಹಾಗೇ ನಿಂತುಬಿಟ್ಟಿತ್ತು. ಕಂಪ್ಯೂಟರ್ ಕೈಕೊಟ್ಟಿದೆ ಎಂದು ಚಿತ್ರ ಬರೆದ ಮಗನಿಗೆ ತಕ್ಷಣ ಗೊತ್ತಾಯಿತು. ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅಷ್ಟರಲ್ಲಿ ಚಪ್ಪಾಳೆ ಬಿತ್ತು.

ಅವನ ಮೊದಲ ಪ್ರದರ್ಶನದ ಉದ್ಘಾಟನೆ. ಟೂತ್‌ಪೇಸ್ಟ್ ಜಾಹೀರಾತಿಗೆ ಕುಣಿಯುವ ಹಲ್ಲುಗಳನ್ನು ಬರೆದು ಹೊಟ್ಟೆ ಹೊರೆಯುತ್ತಿದ್ದವನು, ರಜೆಯಲ್ಲೆಲ್ಲ ಕೂತು ಒಂದೊಂದೇ ಚಿತ್ರ ಕೈಯಾರೆ ಬರೆದು ಜೋಡಿಸಿದ ಚಿಕ್ಕ ಸಿನಿಮಾ. ಮನೆ ಬಿಟ್ಟು ಹೊರಟ ಗಂಡಸು ಹೊಸ್ತಿಲಲ್ಲಿ ನಿಂತು ಒಮ್ಮೆ ಹಿಂತಿರುಗಿ ನೋಡುತ್ತಾನೆ. ಅಷ್ಟೇ ಕಥೆ. ನಿಜದಲ್ಲಿ ಅಪ್ಪ ಹಿಂತಿರುಗಿ ನೋಡಿರಲಿಲ್ಲ.

ಗ್ಯಾಲರಿಯ ಒಡತಿ ಸಂಭ್ರಮದಿಂದ ಬಂದಳು. ಚಲಿಸದ ಅನಿಮೇಷನ್ ಇದುವರೆಗೆ ಯಾರೂ ಮಾಡಿಲ್ಲವಂತೆ. ಹೆಸರಾಂತ ವಿಮರ್ಶಕರೊಬ್ಬರು ಕಣ್ಣೊರೆಸಿಕೊಂಡರಂತೆ.

"ಅದು ಕೆಟ್ಟು ನಿಂತಿದೆ," ಎಂದ.

"ಹಾಗಂತ ಯಾರಿಗೂ ಹೇಳ್ಬೇಡಿ."

ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನೆಮ್ಮದಿ. ಅದಕ್ಕೆ ನಾಚಿಕೆಯೂ ಆಯಿತು.

ಮುಂದಿನ ಸಾಲಿನ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಅಪ್ಪ ಹೋದ ದಿನವೇ ಅಪ್ಪನ ಫೋಟೋಗಳನ್ನೆಲ್ಲ ಒಲೆಗೆ ಹಾಕಿದವಳು. ಈಚೆಗೆ ಆ ಮುಖ ಮರೆತುಹೋಗುತ್ತಿದೆ ಎಂದು ದಿಗಿಲಾಗಿ ಮಗನ ಬೆನ್ನು ಹತ್ತಿದ್ದಳು. "ಒಂದ್ಸಲ ತೋರ್ಸು, ಸಾಕು. ಬೈಯೋಕಾದ್ರೂ ಒಂದು ಮುಖ ಬೇಕಲ್ಲೋ." ತೋರಿಸುತ್ತೇನೆಂದು ಮಾತು ಕೊಟ್ಟಿದ್ದ.

ಅವನಿಗೂ ಮುಖ ನೆನಪಿರಲಿಲ್ಲ. ಬೆನ್ನು ಮಾತ್ರ ಚೆನ್ನಾಗಿ ನೆನಪಿತ್ತು. ಅವನ ಕಸುಬಿನವರು ಮೇಜಿನ ಮೇಲೆ ಕನ್ನಡಿ ಇಟ್ಟುಕೊಂಡು, ತಾವೇ ನಕ್ಕು ಅತ್ತು, ಅದನ್ನೇ ನೋಡಿ ಬರೆಯುತ್ತಾರೆ. ಅವನೂ ಕನ್ನಡಿಯ ಮುಂದೆ ಮನೆ ಬಿಟ್ಟು ಹೋಗುವವನ ಮುಖ ಮಾಡಿದ. ಅದು ಎಷ್ಟು ಸಲೀಸಾಗಿ ಬಂತೆಂದರೆ ಹೆದರಿಕೆಯಾಯಿತು. ಮೇಲೊಂದು ಮೀಸೆ ಬರೆದ. ತೆರೆಯ ಮೇಲಿನ ಅಪ್ಪ ತಿರುಗಿದರೆ ಅಮ್ಮ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಾಳೆ: ಅಲ್ಲಿರುವುದು ಗಂಡನಲ್ಲ, ಮಗ.

ಜನ ತೆರೆಯ ಪಕ್ಕ ನಿಂತು ಬಿಸ್ಕತ್ತು ತಿಂದರು. ಈ ಬೆನ್ನು ನಮ್ಮೆಲ್ಲರದು ಎಂದು ವಿಮರ್ಶಕರು ಅಪ್ಪಣೆ ಕೊಡಿಸಿದರು. ಯಾರೋ ತಮ್ಮ ಬೆನ್ನನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಎಲ್ಲರ ಕಣ್ಣು ಅಮ್ಮನ ಮೇಲೆ ಬಿತ್ತು. ಅಲ್ಲಾಡದ ಚಿತ್ರವನ್ನು ಅಲ್ಲಾಡದೆ ನೋಡುತ್ತ ಕೂತ ಈ ಮುದುಕಿಯೂ ಕೃತಿಯ ಭಾಗವೇ ಇರಬೇಕು ಎಂದು ಪಿಸುಗುಟ್ಟಿದರು. ಒಡತಿ ತಡಮಾಡದೆ ಕುರ್ಚಿಯ ಸುತ್ತ ಹಗ್ಗ ಕಟ್ಟಿಸಿದಳು.

ಅವನು ಬಂದು ಹಗ್ಗದ ಹೊರಗೆ, ಅಮ್ಮನ ಹಿಂದೆ ನಿಂತ.

"ಅಮ್ಮ, ಮನೆಗೆ ಹೋಗೋಣ."

"ಸುಮ್ನಿರು. ಈಗ ತಿರುಗ್ತಾರೆ."

"ತಿರುಗಲ್ಲಮ್ಮ."

"ನೀನು ಮಾತು ಕೊಟ್ಟಿದ್ದೀಯ," ಎಂದಳು, ತೆರೆಯಿಂದ ಕಣ್ಣು ಕೀಳದೆ.

ಕಂಪ್ಯೂಟರ್ ಕೋಣೆಯ ಆ ತುದಿಯಲ್ಲಿತ್ತು. ಆದದ್ದಾಗಲಿ, ತೋರಿಸಿಯೇಬಿಡೋಣ ಎಂದು ಕಾಲೆತ್ತಿದ. ಹಿಂದಿನಿಂದ ಫೋಟೋ ತೆಗೆಯುವವನ ದನಿ ಬಂತು.

"ಸರ್, ಹಾಗೇ ಇರಿ. ತಿರುಗ್ಬೇಡಿ."

ತೆರೆಯಲ್ಲಿ ಅಪ್ಪನ ಬೆನ್ನು. ಅದರೆದುರು ಅಮ್ಮನ ಬೆನ್ನು. ಅವನು ಎತ್ತಿದ ಕಾಲು ಕೆಳಗಿಟ್ಟ. ಹೆಗಲನ್ನು ಕೊಂಚ ಇಳಿಸಿ, ಚೀಲ ಹಿಡಿದವನಂತೆ ಮುಷ್ಟಿ ಬಿಗಿದು ನಿಂತ. ಯಾರೋ ಹಗ್ಗ ಬಿಚ್ಚಿ, ಅವನನ್ನೂ ಒಳಗೆ ಸೇರಿಸಿಕೊಂಡು ಮತ್ತೆ ಕಟ್ಟಿದರು.