ಕಟಕಟೆ ಹಿಡಿದು ನಿಂತ ಬೊಂಬೆ

ಹಡಗಿನ ಅಡುಗೆಯವನ ಹೆಂಡತಿ ಮನೆಗೆ ಬರುತ್ತಾಳೆಂದು ತಿಳಿದಾಗಿನಿಂದ ಗಂಡ ಮಲಗುವ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಕೋಣೆಯ ಬಾಗಿಲು ಮಾತ್ರ ಹಾರುಹೊಡೆದಿತ್ತು. ಹಡಗಿನಿಂದ ಮರಳಿದ ಮೇಲೆ ಅವನು ಯಾವ ಬಾಗಿಲನ್ನೂ ಮುಚ್ಚಗೊಡುತ್ತಿರಲಿಲ್ಲ, ಬಚ್ಚಲಿನದನ್ನು ಕೂಡ.

"ಹುಷಾರಿಲ್ಲ ಅಂತ ಹೇಳು" ಎಂದ ಹೆಂಡತಿಗೆ.

"ನೆಗಡಿ ಮೂಗಿಗಾ, ಮನಸ್ಸಿಗಾ? ಯಾವ್ದು ಅಂತ ಹೇಳ್ಲಿ?"

ಅವನು ಗೋಡೆಯ ಕಡೆ ಹೊರಳಿದ. "ನೀನು ಬಾಯಿ ಬಿಟ್ರೆ ನಾನು ಉಳಿಯಲ್ಲ ಕಣೇ."

ಅವಳಿಗೊಬ್ಬಳಿಗೇ ಗೊತ್ತಿದ್ದ ಮಾತು ಅದು. ಗಂಡ ಹಡಗಿನ ಇಂಜಿನಿಯರು. ಕಡಲುಗಳ್ಳರ ಕಾಟವಿದ್ದ ನೀರಿಗೆ ಹೋಗುವ ಮುನ್ನ ಹಡಗಿನವರು ಮೈತುಂಬ ತೊಡುವ ಹಳೆಯ ಬಾಯ್ಲರ್ ಸೂಟುಗಳಿಗೆ ಚಿಂದಿ ತುಂಬಿ, ಮೇಲೊಂದು ಹೆಲ್ಮೆಟ್ ಇಟ್ಟು, ಡೆಕ್ಕಿನ ಅಂಚಿನ ಕಟಕಟೆಗೆ ಕಟ್ಟಿ ನಿಲ್ಲಿಸಿದ್ದರು. ದೂರದಿಂದ ನೋಡಿದವನಿಗೆ ಕಾವಲಿದ್ದಾರೆ ಅನ್ನಿಸಬೇಕು. ಹೊಲದ ಬೆದರುಬೊಂಬೆಯ ಉಪಾಯವೇ. ಹಕ್ಕಿಗಳು ಬೇರೆ, ಅಷ್ಟೆ. ಕಳ್ಳರು ಹತ್ತಿಯೇಬಿಟ್ಟರೆ ಎಲ್ಲರೂ ಹಿಂಭಾಗದ ಭದ್ರ ಕೋಣೆ ಸೇರಿ ಕಬ್ಬಿಣದ ಬಾಗಿಲು ಹಾಕಿಕೊಳ್ಳಬೇಕು. ಆಮೇಲೆ ನೌಕಾಪಡೆ ಬರುವವರೆಗೆ ಅದನ್ನು ತೆಗೆಯುವ ಹಾಗಿಲ್ಲ. ಬಾಗಿಲಿನ ಹೊಣೆ ಇವನದು.

ಕಳ್ಳರು ಹಡಗು ಹತ್ತಿದ ಆ ನಸುಕಿನಲ್ಲಿ ಭದ್ರ ಕೋಣೆಯೊಳಗೆ ಒಬ್ಬ ಕಡಿಮೆಯಿದ್ದ. ಇವನು ಕತ್ತು ಚಾಚಿ ಡೆಕ್ಕಿನ ಕಡೆ ನೋಡಿದ. ಕಟಕಟೆ ಹಿಡಿದ ಬೊಂಬೆಯೊಂದರ ಹೊರತು ಯಾರೂ ಕಾಣಲಿಲ್ಲ. ಬಾಗಿಲೆಳೆದು ಅಗುಳಿ ಹಾಕಿದ. ಹಾಕಿದ ಮೇಲೆ ನೆನಪಾಯಿತು: ಆ ಮೂಲೆಯ ಬೊಂಬೆ ಹಿಂದಿನ ಸಂಜೆಯೇ ಗಾಳಿಗೆ ಬಿದ್ದುಹೋಗಿತ್ತು. "ಬೆಳಗ್ಗೆ ನಾನೇ ಎತ್ತಿ ನಿಲ್ಲಿಸ್ತೀನಿ ಬಿಡಿ ಸಾರ್" ಎಂದಿದ್ದವನು ಅಡುಗೆಯವನು. ಹೆದರಿ ಮರಗಟ್ಟಿ ನಿಂತವನನ್ನು ಇವನು ಚಿಂದಿ ಅಂದುಕೊಂಡಿದ್ದ. ಆಮೇಲೆ ಗುಂಡಿನ ಸದ್ದೊಂದು ಕೇಳಿತು, ಅಷ್ಟೇ, ಎಂದು ಹೆಂಡತಿಗೆ ಹೇಳಿದ್ದ.

ಬಂದವಳು ಕುರ್ಚಿಯ ಅಂಚಿನಲ್ಲಿ ಕುಳಿತಳು. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು, ಕುಡಿಯಲಿಲ್ಲ.

"ಹಡಗಲ್ಲಿ ನಮ್ಮನೆಯವ್ರನ್ನ ಉಪ್ಪಣ್ಣ ಅಂತಿದ್ರಂತೆ. ಮನೇಲೂ ಹಾಗೇ ಅಕ್ಕಾ. ಹಾಕಿದ್ದು ಮರೆತು ಇನ್ನೊಂದ್ಸಲ ಹಾಕೋರು." ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಫೋನ್ ತರೋಕೆ ವಾಪಸ್ ಹೋಗಿರ್ಬೇಕು ಅಂತಾರೆ ಕಂಪನಿಯವ್ರು. ಹಿಂದಿನ ದಿನ ಜಗಳ ಆಡಿದ್ದೆ. ಎದ್ದ ತಕ್ಷಣ ಫೋನ್ ಮಾಡ್ದಿದ್ರೆ ನನ್ನ ಮುಖ ನೋಡ್ಬೇಡಿ ಅಂದೆ. ನಿಮ್ಮ ಯಜಮಾನ್ರು ಏನಾದ್ರೂ ನೋಡಿದ್ರಾ? ಕೈಲಿ ಫೋನ್ ಇತ್ತಾ?"

"ಅವ್ರಿಗೆ ಹುಷಾರಿಲ್ಲಮ್ಮ" ಎಂದಳು ಇವಳು. ಎಂದ ಕೂಡಲೇ ತನ್ನ ನಾಲಿಗೆಯ ಮೇಲೂ ಒಂದು ಅಗುಳಿ ಬಿದ್ದಂತಾಯಿತು.

"ಪಾಪ, ಎಬ್ಬಿಸ್ಬೇಡಿ. ನಾನೇ ಕೊಂದೆ ಅಂತ ಗೊತ್ತಾಯ್ತಲ್ಲ, ಸಾಕು." ಲೋಟ ಕೆಳಗಿಟ್ಟು ಎದ್ದಳು. ಹೊಸಿಲ ಬಳಿ ಬಗ್ಗಿ ಚಪ್ಪಲಿ ಹುಡುಕುವಾಗ ಅವಳ ಬೆನ್ನು ಮುದುಕಿಯ ಬೆನ್ನಿನಂತೆ ಕಂಡಿತು.

ಈ ಬೆನ್ನಿನ ಮೇಲೆ ತನ್ನ ಗಂಡನ ಮೂಟೆ ಹೊರಿಸಿ ಕಳಿಸುವುದೇ?

"ತಂಗೀ, ನಿಲ್ಲು."

ಹೇಳಿದಳು. ಬಿದ್ದ ಬೊಂಬೆ, ಚಾಚಿದ ಕತ್ತು, ಹಾಕಿದ ಬಾಗಿಲು, ಎಲ್ಲ. ಮುಗಿಸುವಷ್ಟರಲ್ಲಿ ಗಂಡ ಕೋಣೆಯ ಚೌಕಟ್ಟು ಹಿಡಿದು ನಿಂತಿದ್ದ.

"ಫೋನಿಗೆ ಹೋಗಿರ್ಲಿಲ್ಲ" ಎಂದಳು ಬಂದವಳು, ತನಗೇ ಎಂಬಂತೆ. ಆಮೇಲೆ ಕತ್ತೆತ್ತಿ ಅವನನ್ನೇ ನೋಡಿದಳು. "ಬಾಗಿಲು ಬಡಿದ್ರಾ?"

ಇಲ್ಲ ಎನ್ನುತ್ತಾನೆಂದು ಹೆಂಡತಿ ಕಾದಳು.

"ಬಡಿದ್ರು" ಎಂದ ಅವನು. "ಸಾರ್, ಸಾರ್ ಅಂತ ಕೂಗಿದ್ರು."

ಯಾರೂ ಅಳಲಿಲ್ಲ. ಅಡುಗೆಯವನ ಹೆಂಡತಿ ಹೊಸಿಲು ದಾಟಿದಳು. ಹೋಗುವಾಗ ಬಾಗಿಲನ್ನು ಮೆಲ್ಲಗೆ, ಪೂರ್ತಿಯಾಗಿ ಎಳೆದುಕೊಂಡು ಹೋದಳು.

ಮುಚ್ಚಿದ ಬಾಗಿಲನ್ನು ನೋಡುತ್ತ ಅವನು ಅಲ್ಲಾಡದೆ ನಿಂತ. ತೆಗೆಯಲೆಂದು ಹೆಂಡತಿಯೂ ಏಳಲಿಲ್ಲ.